ಪದಚರ್ಚೆ: ಲಂಡನ್ ಗಡಿಯಾರ ‘ಮುಂದಕ್ಕೆ’ ಹೋದರೆ ಮೀಟಿಂಗ್ ಎತ್ತ ಹೋಯಿತು?

ಎಲ್ಲರಿಗೂ ನಮಸ್ಕಾರ.

ಲಂಡನ್‌ನ ಸಮಯದ ಬಗ್ಗೆ ಕನ್ನಡದಲ್ಲಿ ಒಂದು ಮಾಹಿತಿ ಪುಟ ಬರೆಯುತ್ತಿದ್ದೇನೆ. ಟೈಮ್ ಝೋನ್‌ಗೆ ‘ಸಮಯವಲಯ’ ಅಂತ ಹಾಕಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಾಗಿರುವುದು ‘ಮುಂದಕ್ಕೆ’ ಅನ್ನೋ ಪುಟ್ಟ ಮಾತು.

ವಿಷಯ ಇಷ್ಟು. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ 1 ಗಂಟೆ ಆಗುತ್ತಿದ್ದಂತೆ ಲಂಡನ್‌ನಲ್ಲಿ ಗಡಿಯಾರವನ್ನು 2ಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನ ಕೊನೆಯ ಭಾನುವಾರ ಬೆಳಗಿನ ಜಾವ 2 ಆದಾಗ ವಾಪಸ್ 1ಕ್ಕೆ ತರುತ್ತಾರೆ. ಚಳಿಗಾಲದಲ್ಲಿ ಜಿಎಂಟಿ (ಗ್ರೀನಿಚ್ ಮೀನ್ ಟೈಮ್), ಬೇಸಿಗೆಯಲ್ಲಿ ಬಿಎಸ್‌ಟಿ (ಬ್ರಿಟಿಷ್ ಸಮ್ಮರ್ ಟೈಮ್). ಭಾರತಕ್ಕೂ ಲಂಡನ್‌ಗೂ ಚಳಿಗಾಲದಲ್ಲಿ ಐದೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ನಾಲ್ಕೂವರೆ.

ಇದನ್ನು ‘ಲಂಡನ್ ಸಮಯ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ’ ಅಂತ ಬರೆದಿದ್ದೆ. ಓದಿದ ಗೆಳತಿಯೊಬ್ಬರು, ‘ಹಾಗಾದ್ರೆ ಲಂಡನ್‌ನವರ ಜೊತೆ ಮೀಟಿಂಗ್ ನಮಗೆ ಒಂದು ಗಂಟೆ ತಡ ಆಗುತ್ತೆ, ಅಲ್ವಾ?’ ಅಂದರು. ಆಗುವುದು ಉಲ್ಟಾ. ಲಂಡನ್‌ನ ಬೆಳಗಿನ 10ರ ಮೀಟಿಂಗ್ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 3:30ಕ್ಕೆ ಇದ್ದದ್ದು ಮಾರ್ಚ್ ಕಳೆದ ಮೇಲೆ 2:30ಕ್ಕೇ ಬಂದು ಕೂರುತ್ತದೆ.

ಅವರು ಓದಿಕೊಂಡದ್ದು ಅಚ್ಚ ಕನ್ನಡದ ರೀತಿಯಲ್ಲೇ. ಮದುವೆ ಮುಂದಕ್ಕೆ ಹೋಯ್ತು, ಪರೀಕ್ಷೆ ಮುಂದೂಡಿದರು ಅಂದರೆ ತಡವಾಯಿತು ಅಂತಲೇ ಅರ್ಥ. ಆದರೆ ‘ಗಡಿಯಾರ ಹತ್ತು ನಿಮಿಷ ಮುಂದಿದೆ’ ಅಂದಾಗ ಓಡಿಬಿಟ್ಟಿರುವುದು ಮುಳ್ಳು, ಕೆಲಸವಲ್ಲ. ಆ ಗಡಿಯಾರ ನಂಬಿ ಹೊರಟವರು ಬೇಗ ತಲುಪುತ್ತಾರೆ. ಒಂದೇ ಪದ, ಎಳೆಯುವುದು ಮಾತ್ರ ಎರಡು ಕಡೆಗೆ. ಹಾಗಾಗಿ ಸದ್ಯಕ್ಕೆ ‘ಸಮಯ’ಕ್ಕೆ ಮುಂದೆ, ಹಿಂದೆ ಸೇರಿಸುವುದನ್ನೇ ಬಿಟ್ಟಿದ್ದೇನೆ. ‘ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಅಲ್ಲಿನ ಕೆಲಸಗಳೆಲ್ಲ ನಮಗೆ ಒಂದು ಗಂಟೆ ಮೊದಲೇ ಶುರುವಾಗುತ್ತವೆ’ ಅಂತ ಬರೆಯುತ್ತೇನೆ. ಉದ್ದ ಆಯಿತು, ಆದರೆ ಯಾರೂ ಎಡವುವುದಿಲ್ಲ.

‘ಹಿಂದೆ’ಯ ಕಾಟ ಬೇರೆ ಥರ. ಲಂಡನ್‌ನ ಗ್ರೀನಿಚ್ ವೀಕ್ಷಣಾಲಯದ ಗೇಟಿನ ಪಕ್ಕದ ಗೋಡೆಯಲ್ಲಿ 1852ರ ಶೆಫರ್ಡ್ ಗಡಿಯಾರ ಇದೆ. ಅದರ ಮುಖದ ಮೇಲೆ 24 ಗಂಟೆಗಳ ಗುರುತು. ಮಧ್ಯಾಹ್ನ 12ಕ್ಕೆ ಗಂಟೆಮುಳ್ಳು ನೆಟ್ಟಗೆ ಕೆಳಗೆ ತೋರಿಸುತ್ತದೆ. ಅದು ವರ್ಷಪೂರ್ತಿ ಜಿಎಂಟಿಯಲ್ಲೇ ಓಡುತ್ತದೆ, ಬೇಸಿಗೆಯಲ್ಲೂ ಯಾರೂ ಅದನ್ನು ತಿರುಗಿಸುವುದಿಲ್ಲ. ಈಗ ‘ಬೇಸಿಗೆಯಲ್ಲಿ ಈ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ’ ಅಂತ ಬರೆದು ನೋಡಿ. ಪಾಪ, ಕೆಟ್ಟು ಕೂತಿದೆ, ರಿಪೇರಿ ಮಾಡಿಸಬಾರದಾ ಅನ್ನಿಸುತ್ತೆ! ಇದಕ್ಕೆ ನನಗೆ ಒಳ್ಳೆ ವಾಕ್ಯ ಇನ್ನೂ ಸಿಕ್ಕಿಲ್ಲ.

ಇನ್ನು ಈ ಗಡಿಯಾರ ತಿರುಗಿಸುವ ಪದ್ಧತಿಯ ಹೆಸರಿನ ಪ್ರಶ್ನೆ. ‘ಡೇಲೈಟ್ ಸೇವಿಂಗ್ ಟೈಮ್’ಗೆ ‘ಹಗಲು ಉಳಿತಾಯ ಸಮಯ’ ಅನ್ನೋದು ನನಗೆ ಹಿಡಿಸಿಲ್ಲ, ಬ್ಯಾಂಕ್ ಖಾತೆಯ ವಾಸನೆ ಹೊಡೆಯುತ್ತೆ. ಉಳಿಯುವುದಾದರೂ ಏನು? ಜೂನ್ ಕೊನೆಯ ಹೊತ್ತಿಗೆ ಲಂಡನ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 4:45ಕ್ಕೆ, ಮುಳುಗುವುದು ರಾತ್ರಿ 9:20ರ ಹೊತ್ತಿಗೆ. ಜಿಎಂಟಿಯೇ ಇದ್ದಿದ್ದರೆ 3:45 ಮತ್ತು 8:20. ಜನ ಮಲಗಿರುವಾಗಿನ ಒಂದು ಗಂಟೆ ಬೆಳಕನ್ನು ಸಂಜೆಗೆ ದಾಟಿಸಿದ್ದಾರೆ, ಅಷ್ಟೆ. ವಿಲಿಯಂ ವಿಲೆಟ್ ಅನ್ನೋ ಕಟ್ಟಡ ಕಟ್ಟಿಸುವವರು 1907ರಲ್ಲಿ ಇದನ್ನೇ ಸೂಚಿಸಿದ್ದರು. ಅವರ ಲೆಕ್ಕ ಮಾತ್ರ ವಿಚಿತ್ರ: ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ, ಒಟ್ಟು 80. ಅವರು 1915ರಲ್ಲಿ ತೀರಿಕೊಂಡರು. 1916ರ ಮೇ ತಿಂಗಳಲ್ಲಿ, ಯುದ್ಧದ ನಡುವೆ, ಒಂದೇ ಸಲಕ್ಕೆ ಒಂದು ಗಂಟೆ ತಿರುಗಿಸಿದರು. ಅಲ್ಲಿನ ಕಾನೂನು ಇದನ್ನು ಕರೆಯುವುದು ‘ಸಮ್ಮರ್ ಟೈಮ್’ ಅಂತಲೇ. ಅಂದಮೇಲೆ ಲಂಡನ್ ಮಟ್ಟಿಗೆ ‘ಉಳಿತಾಯ’ದ ಗೊಡವೆಯೇ ಬೇಡ.

ಆದರೆ ‘ಬೇಸಿಗೆ ಸಮಯ’ ಅಂದರೂ ಪೂರ್ತಿ ಬಗೆಹರಿಯಲ್ಲ. ‘ಬೇಸಿಗೆ ಸಮಯದಲ್ಲಿ ಗೇಟು 9ಕ್ಕೆ ತೆರೆಯುತ್ತದೆ’ ಅಂದರೆ ಋತುವಿನ ಮಾತೋ, ಗಡಿಯಾರದ ಮಾತೋ? ಎರಡನೇ ಮಹಾಯುದ್ಧದಲ್ಲಿ 1941ರಿಂದ ಬೇಸಿಗೆಯಲ್ಲಿ ಜಿಎಂಟಿಗಿಂತ ಎರಡು ಗಂಟೆ ಜಾಸ್ತಿ ಇಟ್ಟಿದ್ದರು. ಅದಕ್ಕೆ ‘ಇಮ್ಮಡಿ ಬೇಸಿಗೆ ಸಮಯ’ ಅಂತ ಬರೆದರೆ ಓದುವಾಗಲೇ ಬೆವರು ಬರುತ್ತೆ. ನನ್ನ ಒಲವು ‘ಬೇಸಿಗೆ ಗಡಿಯಾರ’ದ ಕಡೆಗೆ. ‘ಬೇಸಿಗೆ ಗಡಿಯಾರ ಶುರುವಾಯ್ತು’, ‘ಬೇಸಿಗೆ ಗಡಿಯಾರದ ಪ್ರಕಾರ 9 ಗಂಟೆ’. ಕಿವಿಗೆ ಹೇಗನ್ನಿಸುತ್ತೆ, ಹೇಳಿ.

ಬಿಎಸ್‌ಟಿಯನ್ನು ಸುಮ್ನೆ ಹಾಗೇ ಬಿಡುವಂತಿಲ್ಲ ಅನ್ನುವುದನ್ನೂ ಗಮನಿಸಿ. 1968ರಿಂದ 1971ರವರೆಗೆ ಚಳಿಗಾಲದಲ್ಲೂ ಗಡಿಯಾರ ಹಿಂದಕ್ಕೆ ತಿರುಗಿಸದೆ ಇಟ್ಟಿದ್ದರು. ಆಗ ಅದೇ ಮೂರಕ್ಷರ ‘ಬ್ರಿಟಿಷ್ ಸ್ಟ್ಯಾಂಡರ್ಡ್ ಟೈಮ್’ ಆಗಿತ್ತು.

ಕೊನೆಗೆ, ಅಕ್ಟೋಬರ್‌ನ ಆ ರಾತ್ರಿ ಒಂದೂವರೆ ಎರಡು ಸಲ ಬರುತ್ತದೆ. ‘ಮೊದಲ ಒಂದೂವರೆ’, ‘ಎರಡನೇ ಒಂದೂವರೆ’ ಅಂದರೆ ಸಾಕಾ, ಇಲ್ಲಾ ಜಿಎಂಟಿ ಅಂತ ಪಕ್ಕದಲ್ಲಿ ಬರೆಯಲೇಬೇಕಾ? ಲಂಡನ್‌ನಲ್ಲಿ ರಾತ್ರಿ ಪಾಳಿ ಮಾಡಿದವರು ಯಾರಾದರೂ ಇದ್ದರೆ, ಮನೆಯವರಿಗೆ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದಿರಿ ಅಂತ ತಿಳಿಸಿ.