ಗ್ಯಾಲನ್ ಅಂದರೆ ಯಾವ ಗ್ಯಾಲನ್? ಔನ್ಸ್ ಅಂದರೆ ತೂಕವೋ ಅಳತೆಯೋ?

ಒಂದು ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಎಣ್ಣೆ, ಕೂಲಂಟ್ (ಯಂತ್ರವನ್ನು ತಣ್ಣಗಿಡುವ ದ್ರವ), ನೀರು ಎಲ್ಲದರ ಅಳತೆಯೂ ಗ್ಯಾಲನ್, ಪಿಂಟ್ (ಗ್ಯಾಲನ್ನಿನ ಎಂಟನೇ ಒಂದು ಪಾಲು), ಔನ್ಸ್‌ಗಳಲ್ಲಿದೆ. ಲೀಟರಿಗೆ ಬದಲಾಯಿಸುವುದು ಬರೀ ಲೆಕ್ಕ, ಅದು ಹೇಗೋ ಆಗುತ್ತದೆ. ತೊಡಕು ಇರುವುದು ಪದಗಳಲ್ಲಿ. ಬಲ್ಲವರು ಏನು ಬರೆಯುತ್ತೀರಿ ಅಂತ ತಿಳಿಯಬೇಕಿತ್ತು.

ಮೊದಲು ಗ್ಯಾಲನ್. ಕನ್ನಡದಲ್ಲಿ ನಾವು ಸುಮ್ನೆ ‘ಗ್ಯಾಲನ್’ ಅಂತ ಬರೆದು ಮುಂದೆ ಹೋಗುತ್ತೇವೆ. ಆದರೆ ಬ್ರಿಟನ್ನಿನ ಗ್ಯಾಲನ್ 4.54609 ಲೀಟರ್, ಅಮೆರಿಕದ್ದು 3.785 ಲೀಟರ್. ಮುಕ್ಕಾಲು ಲೀಟರಿನ ಫರಕು. ಹಿಂದೆ ಇಂಗ್ಲೆಂಡಿನಲ್ಲಿ ವೈನಿಗೊಂದು, ಬಿಯರಿಗೊಂದು, ಕಾಳುಕಡ್ಡಿಗೊಂದು ಗ್ಯಾಲನ್ ಇತ್ತು. ಅಮೆರಿಕ 231 ಘನ ಅಂಗುಲದ ವೈನ್ ಗ್ಯಾಲನ್ನನ್ನೇ ಉಳಿಸಿಕೊಂಡಿತು. ಬ್ರಿಟನ್ 1824ರಲ್ಲಿ ಕಾನೂನು ಮಾಡಿ ಹಳೆಯದನ್ನೆಲ್ಲ ಬದಿಗಿಟ್ಟಿತು. 62 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 10 ಪೌಂಡ್ ತೂಗುವ ಬಟ್ಟಿ ಇಳಿಸಿದ ನೀರು ಎಷ್ಟು ಜಾಗ ಹಿಡಿಯುತ್ತದೋ ಅದೇ ಒಂದು ಗ್ಯಾಲನ್ ಅಂತ ಗೊತ್ತುಮಾಡಿತು. ‘ಇಂಪೀರಿಯಲ್’ ಅನ್ನುವ ಹೆಸರು ಅಂಟಿಕೊಂಡದ್ದು ಇದಕ್ಕೆ.

ಹಾಗಾಗಿ ಅಮೆರಿಕದ ಗ್ಯಾಲನ್ ಇಂಪೀರಿಯಲ್ ಅಲ್ಲವೇ ಅಲ್ಲ. ಆ ಕಾನೂನು ಬರುವ ಹೊತ್ತಿಗೆ ಅಮೆರಿಕ ಬೇರೆ ದೇಶವಾಗಿ ಎಷ್ಟೋ ವರ್ಷ ಆಗಿತ್ತು. ಆದರೂ ಮೆಟ್ರಿಕ್ ಅಲ್ಲದ್ದೆಲ್ಲ ಇಂಪೀರಿಯಲ್ ಅನ್ನುವ ರೂಢಿ ಬಂದುಬಿಟ್ಟಿದೆ. ಅದನ್ನು ‘ಸಾಮ್ರಾಜ್ಯದ ಗ್ಯಾಲನ್’ ಅಂತ ಕನ್ನಡಿಸಿದರೆ ಯಾವುದೋ ರಾಜನ ಕಾಲದ ಕೊಳಗದಂತೆ ಕೇಳಿಸುತ್ತದೆ. ‘ಬ್ರಿಟಿಷ್ ಗ್ಯಾಲನ್’, ‘ಅಮೆರಿಕನ್ ಗ್ಯಾಲನ್’ ಅಂತ ಬರೆದರೆ ಗೊಂದಲ ಕಡಿಮೆ ಅನ್ನಿಸುತ್ತದೆ. ಕೆನಡಾದವರೂ ಬ್ರಿಟಿಷ್ ಗ್ಯಾಲನ್ ಬಳಸಿದವರೇ ಅಂತ ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ, ಓದುಗರಿಗಂತೂ ಅರ್ಥವಾಗುತ್ತದೆ.

ಮೂಲದಲ್ಲೇ ಯಾವುದು ಅಂತ ಹೇಳದಿದ್ದರೆ? ಪಕ್ಕದಲ್ಲಿ ಎಲ್ಲಾದರೂ ಲೀಟರ್ ಕೊಟ್ಟಿದ್ದಾರಾ ನೋಡಿ. 2 ಪಿಂಟ್‌ಗೆ 0.95 ಲೀಟರ್ ಅಂತಿದ್ದರೆ ಅಮೆರಿಕದ್ದು, 1.14 ಅಂತಿದ್ದರೆ ಬ್ರಿಟನ್ನಿನದ್ದು. ಔನ್ಸ್, ಮಿಲಿಲೀಟರ್ ಎರಡರ ಗೆರೆಯೂ ಇರುವ ಅಳತೆ ಜಗ್ಗಿನಲ್ಲೂ ಇದೇ ಉಪಾಯ. 16 ಔನ್ಸಿನ ಗೆರೆ 473 ಮಿಲಿಲೀಟರಿನ ಎದುರಿಗೆ ಬಂದರೆ ಅಮೆರಿಕದ್ದು, 455ರ ಹತ್ತಿರ ಬಂದರೆ ಬ್ರಿಟಿಷ್.

ಇನ್ನು ಔನ್ಸ್. ಇದರ ಕಾಟ ಜಾಸ್ತಿ. ತೂಕದ ಔನ್ಸ್ 28.35 ಗ್ರಾಂ. ದ್ರವದ ಔನ್ಸ್ ಬ್ರಿಟನ್ನಿನಲ್ಲಿ 28.41 ಮಿಲಿಲೀಟರ್, ಅಮೆರಿಕದಲ್ಲಿ 29.57. ಅಂದರೆ ಅಮೆರಿಕದ ಔನ್ಸ್ ದೊಡ್ಡದು, ಪಿಂಟ್ ಮಾತ್ರ ಚಿಕ್ಕದು! ಅವರ ಪಿಂಟಿಗೆ 16 ಔನ್ಸ್, ಬ್ರಿಟನ್ನಿನ ಪಿಂಟಿಗೆ 20. ಬ್ರಿಟನ್ನಿನ ಒಂದು ಗ್ಯಾಲನ್ ನೀರು 10 ಪೌಂಡ್, ಅಂದರೆ 160 ಔನ್ಸ್ ತೂಗುತ್ತದೆ. ಗ್ಯಾಲನ್ನಿನಲ್ಲಿ ದ್ರವದ ಔನ್ಸೂ 160 ಇವೆ. ನೀರಿನ ಮಟ್ಟಿಗೆ ತೂಕ, ಅಳತೆ ಎರಡೂ ಕೂಡಿಬಂದವು. ‘ಔನ್ಸ್ ಅಂದರೆ ಔನ್ಸ್’ ಅನ್ನುವ ಉಡಾಫೆಗೆ ಇದೂ ಒಂದು ಕಾರಣ ಇರಬಹುದು. ಗ್ಲಿಸರಿನ್ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ಅಳತೆಯಲ್ಲಿ 8 ಔನ್ಸ್ ಗ್ಲಿಸರಿನ್ ತಕ್ಕಡಿಯಲ್ಲಿ ಹತ್ತೂವರೆ ಔನ್ಸ್ ತೂಗುತ್ತದೆ.

‘ದ್ರವ ಔನ್ಸ್’ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಔನ್ಸೇ ಕರಗಿ ನೀರಾದಂತೆ ಕೇಳಿಸುತ್ತದೆ. ಕನ್ನಡದಲ್ಲಿ ಅಳೆಯುವುದು ಬೇರೆ, ತೂಗುವುದು ಬೇರೆ. ‘ಅಳೆದು ತೂಗಿ’ ಅಂತ ಎರಡನ್ನೂ ಜೋಡಿಸಿ ಹೇಳುವ ಮಾತೇ ಇದೆಯಲ್ವಾ? ಹಾಗಾಗಿ ‘ಅಳತೆ ಔನ್ಸ್’, ‘ತೂಕದ ಔನ್ಸ್’ ಅಂದರೆ ಹೇಗೆ? ಗೆರೆ ಎಳೆದ ಕಪ್ಪು ಹಿಡಿಯಬೇಕೋ ತಕ್ಕಡಿ ಹಿಡಿಯಬೇಕೋ ಅನ್ನುವುದು ಹೆಸರಲ್ಲೇ ಗೊತ್ತಾಗುತ್ತದೆ.

ಮುಂದಿನದು ‘ಗಾತ್ರ’. ಪಠ್ಯಪುಸ್ತಕದಲ್ಲಿ ಇದು ಸರಿಹೋಗುತ್ತದೆ. ಆದರೆ ‘ಟ್ಯಾಂಕಿನ ಗಾತ್ರ 12 ಗ್ಯಾಲನ್’ ಅಂದರೆ ಟ್ಯಾಂಕು ಹೊರಗಿನಿಂದ ಎಷ್ಟು ದೊಡ್ಡದು ಅಂತಲೂ ಓದಿಕೊಳ್ಳಬಹುದು. ‘ಧಾರಣ ಸಾಮರ್ಥ್ಯ’ ಅರ್ಥದಲ್ಲಿ ಸರಿ, ಬಾಯಿಗೆ ಭಾರ. ‘ಟ್ಯಾಂಕಿಗೆ 12 ಗ್ಯಾಲನ್ ಹಿಡಿಯುತ್ತದೆ’ ಅಂದರೆ ಮುಗಿಯಿತು. ಕ್ರಿಯಾಪದವೇ ಕೆಲಸ ಮಾಡುವಾಗ ನಾಮಪದ ಯಾಕೆ ಬೇಕು? ಕೋಷ್ಟಕದ ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕೇ ಬೇಕು. ಅಲ್ಲಿಗೆ ಸರಿಯಾದದ್ದು ಇನ್ನೂ ಸಿಕ್ಕಿಲ್ಲ.

‘ಸಿಸಿ’ಯ (ಘನ ಸೆಂಟಿಮೀಟರ್) ತಂಟೆ ಇಲ್ಲ. ಒಂದು ಸಿಸಿ ಅಂದರೆ ಒಂದು ಮಿಲಿಲೀಟರೇ. 1901ರಿಂದ 1964ರವರೆಗೆ ಲೀಟರನ್ನು ಒಂದು ಕಿಲೋ ನೀರಿನ ಮೇಲೆ ನಿಗದಿ ಮಾಡಿದ್ದರಿಂದ ಕೂದಲೆಳೆಯಷ್ಟು ಫರಕಿತ್ತು. ಎಣ್ಣೆ ಹಾಕುವವರಿಗೆ ಅದು ಬೇಡ.

‘ಸುಮಾರು’ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ‘ಸುಮಾರು ಒಂದು ಗ್ಯಾಲನ್’ ಅಂತಿದ್ದದ್ದು ಅನುವಾದದಲ್ಲಿ ‘ಸುಮಾರು 3.785 ಲೀಟರ್’ ಆಗಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ದಶಾಂಶದ ಮೂರನೇ ಸ್ಥಾನದವರೆಗೆ ಹೋದ ಮೇಲೆ ಅದೆಂಥ ಸುಮಾರು? ‘ಸುಮಾರು ನಾಲ್ಕು ಲೀಟರ್’ ಸಾಕು. ಮೈಲೇಜ್ ಇದ್ದ ಕಡೆ ಮಾತ್ರ ಹೀಗೆ ಕೈಬಿಡುವ ಹಾಗಿಲ್ಲ. ಗ್ಯಾಲನ್ನಿಗೆ 40 ಮೈಲಿ ಅನ್ನುವುದು ಬ್ರಿಟಿಷ್ ಲೆಕ್ಕದಲ್ಲಿ ಲೀಟರಿಗೆ 14 ಕಿಲೋಮೀಟರ್ ಚಿಲ್ಲರೆ, ಅಮೆರಿಕದ ಲೆಕ್ಕದಲ್ಲಿ 17.

ಕೇಳಬೇಕಾದದ್ದು ಇಷ್ಟು. ‘ಅಳತೆ ಔನ್ಸ್’ ನಿಮ್ಮ ಕಿವಿಗೆ ಒಗ್ಗುತ್ತದಾ? ಕೋಷ್ಟಕದ ತಲೆಯ ಮೇಲೆ ‘ಗಾತ್ರ’ದ ಬದಲು ಏನು ಬರೆಯಬಹುದು? ಜೊತೆಗೆ, ‘ಎರಡು ಲೀಟರ್’ ಅನ್ನುವ ನಾವು ‘ಎರಡು ಗ್ಯಾಲನ್ನುಗಳು’ ಅಂತ ಯಾಕೆ ಬರೆಯಬೇಕು? ಪ್ರಕಾಶಕರ ಕಡೆಯವರು ಆ ‘ಗಳು’ ಇರಲೇಬೇಕು ಅನ್ನುತ್ತಿದ್ದಾರೆ.