ಅಪ್ಪ ಎಲ್ಲಿ ಅಂತ ಅವ್ವ ದಿನಾ ಕೇಳುತ್ತಾಳೆ, ಏನು ಹೇಳಲಿ?

ಕಲಬುರಗಿಯವ:
ನಮ್ಮ ಅವ್ವನಿಗೆ 76. ಆಲ್ಝೈಮರ್, ಅಂದರೆ ಮರೆವಿನ ಕಾಯಿಲೆ ಅಂತ ಡಾಕ್ಟರ್ ಹೇಳಿ ಎರಡು ವರ್ಷ ಆಯಿತು. ಬೆಳಗ್ಗೆ ಚೆನ್ನಾಗಿಯೇ ಇರುತ್ತಾಳೆ. ಸಂಜೆ ಐದು ಹೊಡೆದರೆ ಸಾಕು, ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಮಿಲ್ ಬಿಟ್ಟಿರಬೇಕು, ನಿಮ್ಮಪ್ಪ ಇನ್ನಾ ಯಾಕ ಬರ್ಲಿಲ್ಲ?" ಅಪ್ಪ ಇಲ್ಲಿನ ಎಂಎಸ್‌ಕೆ ಬಟ್ಟೆ ಮಿಲ್‌ನಲ್ಲಿದ್ದವರು. ಆ ಮಿಲ್ ಮುಚ್ಚಿಯೇ ಎಷ್ಟೋ ವರ್ಷ ಆಯಿತು. ಅಪ್ಪ ತೀರಿಕೊಂಡಿದ್ದು 2011ರಲ್ಲಿ.

ಮೊದಲೆಲ್ಲ ನಿಜ ಹೇಳುತ್ತಿದ್ದೆ. ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ. ಬರಿ ಹಣೆ ಮುಟ್ಟಿ ನೋಡಿಕೊಂಡು, "ನನಗ ಯಾಕ ಯಾರೂ ಹೇಳಲಿಲ್ಲ?" ಅಂತ ಅಳುತ್ತಾಳೆ. ಅರ್ಧ ಗಂಟೆಗೆ ಮತ್ತೆ ಬಾಗಿಲಲ್ಲಿ. ಹೆತ್ತವಳ ಮುಂದೆ ಸುಳ್ಳು ಹೇಳಬೇಡ ಅಂತ ಅಕ್ಕ ಫೋನಿನಲ್ಲಿ ಬೈಯುತ್ತಾಳೆ. (ಪುಣೆಯಲ್ಲಿ ಕೂತು ಹೇಳೋದು ಸುಲಭ ಬಿಡಿ.) ನೀವಾದರೆ ಏನು ಹೇಳುತ್ತೀರಿ?

ಬೀದರಿನ ಸೊಸೆ:
ಅಣ್ಣಾ, ನಿಜವೂ ಬೇಡ, ಸುಳ್ಳೂ ಬೇಡ. ಅಪ್ಪನ ಬಗ್ಗೆ ಅವರನ್ನೇ ಮಾತಾಡಿಸಿ. ನಮ್ಮ ಅತ್ತೆ ತೀರಿಹೋದ ತಮ್ಮನಿಗೆ ಕಾಯುತ್ತಿದ್ದರು. "ತಮ್ಮಗ ಯಾವ ಪಲ್ಯ ಸೇರತದ ಅತ್ತಿ?" ಅಂತ ಕೇಳುತ್ತಿದ್ದೆ. ಪುಂಡಿಪಲ್ಯದಿಂದ ಶುರುವಾದ ಮಾತು ಅವರ ತವರಿಗೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಜೋಳದ ಹಿಟ್ಟಿನ ಉಂಡೆ ಕೈಗೆ ಕೊಡುತ್ತಿದ್ದೆ. ನನ್ನ ಹೆಸರೇ ಮರೆತಿದ್ದ ಅತ್ತೆ ಬಡಿದ ರೊಟ್ಟಿಯ ಅಂಚು ಒಂದು ಕಡೆಯೂ ಒಡೆಯುತ್ತಿರಲಿಲ್ಲ. ನನ್ನದು ಈಗಲೂ ಒಡೆಯುತ್ತದೆ!

"ಈಗ ತಾನೇ ಹೇಳಿದೆನಲ್ಲ, ನೆನಪಿಲ್ವಾ?" ಅನ್ನೋದು ನನ್ನ ಕೆಟ್ಟ ಚಟವಾಗಿತ್ತು. ಅದನ್ನು ಬಿಟ್ಟ ಮೇಲೆ ಮನೆಯ ಅರ್ಧ ಜಗಳ ನಿಂತಿತು.

ಯಾದಗಿರಿ ಸಿಸ್ಟರ್:
ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಜಾಸ್ತಿ ದಿನ ಉಳಿಯುತ್ತದೆ. ನಿಮ್ಮ ಅವ್ವನಿಗೆ 2011 ಅಳಿಸಿದೆ, ಮಿಲ್ ಬಿಡುವ ಹೊತ್ತು ಉಳಿದಿದೆ. ಹಟ ಅಲ್ಲ ಅದು. ಸಂಜೆ ಗೊಂದಲ ಹೆಚ್ಚಾಗುವುದನ್ನು ಬಹಳ ಜನರಲ್ಲಿ ನೋಡುತ್ತೇವೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಟಿವಿ ಬಂದ್ ಮಾಡಿ. ಹಿಂದಿನಿಂದ ಕರೆಯಬೇಡಿ. ಎದುರಿಗೆ ಕೂತು ಒಂದು ಸಲಕ್ಕೆ ಒಂದೇ ಮಾತು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಬೀದರ್ ಅಕ್ಕನ ಮಾತು ಸರಿ, ಆದರೆ ಪೂರ್ತಿ ಅಲ್ಲ. "ಅವರು ಹೋಗಿಬಿಟ್ಟರಲ್ಲ?" ಅಂತ ಅವರೇ ಯಾವತ್ತಾದರೂ ಕೇಳಿದರೆ ಮಾತು ಮರೆಸಬೇಡಿ. "ಹೌದವ್ವಾ" ಅನ್ನಿ, ಪಕ್ಕದಲ್ಲಿ ಕೂರಿ.

ಎರಡೇ ದಿನದಲ್ಲಿ ಗೊಂದಲ ಏಕಾಏಕಿ ಜಾಸ್ತಿಯಾದರೆ ಕಾಯಿಲೆ ಬೆಳೆಯಿತು ಅಂತ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ. ನಮ್ಮ ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾದರೂ ಅಷ್ಟೇ. ಬಾಯಾರಿದ್ದು ಇವರಿಗೆ ಹೇಳಲು ಬರುವುದಿಲ್ಲ, ನೀವೇ ಆಗಾಗ ಕುಡಿಸಬೇಕು. ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

ಕಲಬುರಗಿಯವ:
ನಿನ್ನೆ ಸಂಜೆ ನಾನೂ ಬಾಗಿಲಿಗೆ ಹೋಗಿ ಪಕ್ಕದಲ್ಲಿ ನಿಂತೆ. "ಅಪ್ಪ ಬಂದ ಕೂಡಲೇ ಏನು ಕೇಳ್ತಿದ್ರು ಅವ್ವಾ?" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಚಾ. ಆದ್ರ ಮದಲ ತಲಿ ಝಾಡಿಸ್ತಿದ್ದೆ. ಕೂದಲದಾಗೆಲ್ಲಾ ಹತ್ತಿ ಇರ್ತಿತ್ತು" ಅಂತ ನಕ್ಕಳು. ನನಗೆ ಇದು ಗೊತ್ತೇ ಇರಲಿಲ್ಲ. ಇಬ್ಬರೂ ಕಟ್ಟೆ ಮೇಲೆ ಕೂತು ಚಾ ಕುಡಿದೆವು. ಏಳಕ್ಕೆ ಮತ್ತೆ ಕೇಳಿದಳು. ಅಳಲಿಲ್ಲ.

ಅಕ್ಕನಿಗೆ ಇನ್ನೂ ಹೇಳಿಲ್ಲ.