‘ಹೆರಿಟಬಿಲಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಮಂಡ್ಯದ ಪಿಯುಸಿ ಮಕ್ಕಳಿಗಾಗಿ ಮಿದುಳಿನ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಕಾಲು ಹಿಡಿದು ಕೂತಿದೆ: ಇಂಗ್ಲಿಷಿನ ‘ಹೆರಿಟಬಿಲಿಟಿ’, ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಅನ್ನುವ ಲೆಕ್ಕ.

ಪಾಠದಲ್ಲಿ 2001ರ ಒಂದು ಅಧ್ಯಯನ ಬರುತ್ತದೆ. ಮಿದುಳು ವಿಜ್ಞಾನಿ ಪಾಲ್ ಥಾಂಪ್ಸನ್ ಮತ್ತು ಜೊತೆಗಾರರು ಫಿನ್ಲೆಂಡಿನ 20 ಜೋಡಿ ಅವಳಿಗಳ ಮಿದುಳನ್ನು ಎಂಆರ್‌ಐನಲ್ಲಿ ನೋಡಿದರು. 10 ಜೋಡಿ ಒಂದೇ ಅಂಡದಿಂದ ಹುಟ್ಟಿದವರು, ಉಳಿದ 10 ಜೋಡಿ ಎರಡು ಅಂಡದವರು. ಹಣೆಯ ಹಿಂದಿನ ಭಾಗದಲ್ಲಿ, ಮಾತಿಗೆ ಬೇಕಾದ ಭಾಗಗಳಲ್ಲಿ, ಮಿದುಳಿನ ಹೊರಮೈಯ ಬೂದು ಪದರ ಒಂದಂಡದ ಅವಳಿಗಳಲ್ಲಿ ಅಚ್ಚೊತ್ತಿದ ಹಾಗೆ ಹೋಲುತ್ತಿತ್ತು.

ಇಂಥ ಅಧ್ಯಯನಗಳು ಮಿದುಳಿನ ಒಟ್ಟು ಗಾತ್ರದ ಹೆರಿಟಬಿಲಿಟಿ ಶೇ 80ರ ಆಸುಪಾಸು ಎನ್ನುತ್ತವೆ. ನಾನು ‘ಅನುವಂಶೀಯತೆ ಶೇ 80’ ಎಂದು ಬರೆದೆ. ಓದಿದ ಹುಡುಗಿ ಕೇಳಿದಳು: “ಅಂದ್ರೆ ನನ್ ಮಿದುಳಲ್ಲಿ ಎಂಬತ್ತು ಪಾಲು ಅಪ್ಪ ಅಮ್ಮಂದು, ಇಪ್ಪತ್ತು ನಂದಾ?”

ತಪ್ಪು ಅವಳದಲ್ಲ, ಪದದ್ದು. ಅಲ್ಲಿರುವುದು ಒಬ್ಬರ ಮಿದುಳಿನ ಲೆಕ್ಕವಲ್ಲ, ಜನರ ನಡುವಿನ ವ್ಯತ್ಯಾಸದ ಲೆಕ್ಕ. ಕೊನೆಗೆ ಗದ್ದೆಗೇ ಇಳಿದೆ. ನಾಲೆಯ ಉದ್ದಕ್ಕೂ ಒಂದೇ ತಳಿಯ ಭತ್ತ ಹಾಕಿದ್ದೀರಿ. ಮೇಲಿನ ಗದ್ದೆಗೆ ನೀರು ಹರಿದು ಪೈರು ಎತ್ತರ, ಕೊನೆ ಭಾಗದಲ್ಲಿ ಕುಳ್ಳು. ಈ ವ್ಯತ್ಯಾಸದಲ್ಲಿ ಬೀಜದ ಪಾಲು ಸೊನ್ನೆ. ಅದೇ ಒಂದೇ ಗದ್ದೆಗೆ ನಾಲ್ಕು ತಳಿ ಬೆರೆಸಿ, ನೀರು ಗೊಬ್ಬರ ಸಮ ಕೊಟ್ಟರೆ? ಆಗ ವ್ಯತ್ಯಾಸವೆಲ್ಲ ಬೀಜದ್ದೇ. ಎರಡು ಸಲವೂ ಪೈರು ಬಂದಿದ್ದು ಬೀಜದಿಂದಲೇ ಅಲ್ವಾ? ಲೆಕ್ಕ ಮಾತ್ರ ಬದಲಾಯಿತು. ಹುಡುಗಿಗೆ ಅರ್ಥವಾಯಿತು, ನನಗೆ ಪದ ಸಿಗಲಿಲ್ಲ.

‘ಬಳುವಳಿ ಪಾಲು’ ಅನ್ನೋಣವೇ? ನನಗೆ ಇಷ್ಟ. ಆದರೆ ನಮ್ಮ ಕಡೆ ಬಳುವಳಿ ಅಂದರೆ ತವರಿನಿಂದ ಬಂದ ಹಸು, ಒಡವೆ. ಪಾಲು ಅಂದರೆ ಆಸ್ತಿ ಜಗಳ. ‘ಹುಟ್ಟುಗುಣ’ ಬೇಡ, ಅದು ಸುಟ್ಟರೂ ಹೋಗಲ್ಲ ಅಂತ ಗಾದೆಯೇ ಇದೆ. ಈ ಲೆಕ್ಕವೋ ನೀರು ಬದಲಾದರೆ ಬದಲಾಗುತ್ತದೆ.

ಇನ್ನೊಂದು ಸಣ್ಣ ತಕರಾರು. ಎರಡಂಡದವರಿಗೆ ‘ಭ್ರಾತೃ ಅವಳಿ’ ಅನ್ನುವುದುಂಟು. ಇಬ್ಬರೂ ಹೆಣ್ಣುಮಕ್ಕಳಾದರೂ ಭ್ರಾತೃವೇ? ಸದ್ಯಕ್ಕೆ ‘ಒಂದಂಡದ ಅವಳಿ’, ‘ಎರಡಂಡದ ಅವಳಿ’ ಅಂತಲೇ ಇಟ್ಟಿದ್ದೇನೆ. ನಿಮ್ಮ ಊರಿನಲ್ಲಿ ತದ್ರೂಪು ಅವಳಿಗೆ ಬೇರೆ ಹೆಸರೇನಾದರೂ ಇದೆಯೇ?